ತುಟಿ ಕೂಡಿಸಿದ ಹರಿಹರೇಶ್ವರ

ಕಳೆದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಬಾಯಿಯ ಎಡಗಡೆಯಿಂದ ತಾನಾಗಿ ಸೋರಿ ಕುತ್ತಿಗೆಗೆ ಇಳಿಯಿತು. ಕನ್ನಡಿ ನೋಡಿಕೊಂಡರೆ ಮುಖದ ಎಡಭಾಗ ಜೋತುಬಿದ್ದಿತ್ತು. ನಕ್ಕು ನೋಡಿದೆ, ಬಲಗಡೆ ಮಾತ್ರ ನಕ್ಕಿತು. ಎಡಗಣ್ಣು ಎಷ್ಟು ಮಾಡಿದರೂ ಮುಚ್ಚಲಿಲ್ಲ.

ನನ್ನ ಹೆಸರು ಸುಮಾ. ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಆಗ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಹೈಸ್ಕೂಲಿನಿಂದಲೂ ಕೊಳಲು ಕಲಿಯುತ್ತಾ ಬಂದವಳು. ಅದೇ ವಾರ ನಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಯುವಜನೋತ್ಸವದ ಆಯ್ಕೆಯ ಸೂಚನೆ ಹಚ್ಚಿದ್ದರು. ಶಾಸ್ತ್ರೀಯ ವಾದ್ಯಕ್ಕೆ ಒಬ್ಬರನ್ನೇ ಆರಿಸುತ್ತಾರೆ. ಆರಿಸಿದವರು ಬೇರೆ ವಿಶ್ವವಿದ್ಯಾಲಯಗಳವರ ಎದುರು ನುಡಿಸಬೇಕು. ಓದು ಮುಗಿಯುವುದರೊಳಗೆ ನನಗಿದ್ದದ್ದು ಅದೊಂದೇ ಅವಕಾಶ. ನೋಡಿದ ದಿನವೇ ಹೆಸರು ಕೊಟ್ಟು ಬಂದಿದ್ದೆ.

ನನ್ನ ಮುಖ ಕಂಡು ಅಮ್ಮ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟಳು. "ಅಯ್ಯೋ ಶಿವನೇ, ಲಕ್ವ ಹೊಡದೈತಲ್ಲೇ!" ಎಂದು ಅತ್ತಳು. ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಪಿ.ಜೆ. ಬಡಾವಣೆಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕೈಕಾಲು ಎತ್ತಿಸಿ, ಹುಬ್ಬು ಏರಿಸಲು ಹೇಳಿ ನೋಡಿದ ಡಾಕ್ಟರು, "ಲಕ್ವ ಅಲ್ಲ, ಗಾಬರಿ ಆಗಬ್ಯಾಡ್ರಿ. ಮುಖದ ನರ ಬಾತೈತೆ. ಬಹಳ ಮಂದಿಗೆ ವಾಸಿ ಆಗ್ತೈತೆ, ಆದ್ರೆ ವಾರಾನೋ ತಿಂಗಳೋ ಹೇಳಕ್ಕಾಗಲ್ಲ" ಎಂದರು. ಮಾತ್ರೆ ಬರೆದುಕೊಟ್ಟರು. ಕಣ್ಣು ಒಣಗದಂತೆ ಹನಿ ಹಾಕಿ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಲು ಹೇಳಿದರು.

ಮನೆಗೆ ಬಂದವಳೇ ಕೊಳಲು ತೆಗೆದೆ. ತುಟಿ ಕೂಡಲಿಲ್ಲ. ಉಸಿರು ಎಡಗಡೆಯಿಂದ ಸೋರಿ ಹೋಯಿತು, ಸ್ವರ ಹುಟ್ಟಲೇ ಇಲ್ಲ. ಆವತ್ತು ನಾನು ಅತ್ತಷ್ಟು ಎಂದೂ ಅತ್ತಿಲ್ಲ.

ಮರುದಿನ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು, ಹೆಸರು ತೆಗೆಸಲೆಂದು ಸಾಂಸ್ಕೃತಿಕ ವಿಭಾಗದ ಮೇಡಂ ಹತ್ತಿರ ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಿದರು. "ಸುಮಾ, ಆಯ್ಕೆಗೆ ಇನ್ನೂ ಮೂರು ವಾರ ಐತೆ. ಇವತ್ತೇ ಯಾಕ ಹೆಸರು ತೆಗೀಬೇಕು? ಆ ದಿನ ಆಗಲಿಲ್ಲ ಅಂದ್ರೆ ಆವಾಗ ಹೇಳು" ಎಂದರು.

ಹೊರಗೆ ಬಂದವಳಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹರಿಹರದ ಬಸ್ಸು ಬಂತು, ಹತ್ತಿಬಿಟ್ಟೆ. ಕಿಟಕಿಯ ಗಾಳಿ ಮುಚ್ಚದ ಕಣ್ಣಿಗೆ ಬಡಿದು ದಾರಿಯುದ್ದಕ್ಕೂ ನೀರು ಸುರಿಯಿತು. ಹರಿಹರೇಶ್ವರನ ಗುಡಿಗೆ ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೆ, ಆದರೆ ಹಾಗೆ ನಿಂತದ್ದು ಅದೇ ಮೊದಲು. ಒಂದು ಕಡೆ ಹರ, ಇನ್ನೊಂದು ಕಡೆ ಹರಿ, ಎರಡೂ ಸೇರಿ ಒಂದೇ ಮುಖ. "ತಂದೆ, ನಿನ್ನಲ್ಲಿ ಎರಡೂ ಕಡೆ ಕೂಡಿವೆ. ನನ್ನ ತುಟಿಯನ್ನೂ ಹಂಗೇ ಕೂಡಿಸು. ನಾನು ಹೆಸರು ತೆಗೆಸಲ್ಲ, ನೀನು ಕೈಬಿಡಬ್ಯಾಡ" ಎಂದು ಬೇಡಿಕೊಂಡೆ. ಮಂಗಳಾರತಿ ಕೊಟ್ಟ ಅರ್ಚಕರು ನನ್ನ ಮುಖ ನೋಡಿದರು. "ಸೋಮವಾರ ಸೋಮವಾರ ಬಾರಮ್ಮ. ಔಷಧಿ ಮಾತ್ರ ಬಿಡಬ್ಯಾಡ" ಎಂದರು.

ಔಷಧಿಯನ್ನೂ ಬಿಡಲಿಲ್ಲ, ಸೋಮವಾರವನ್ನೂ ಬಿಡಲಿಲ್ಲ. ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕಿನಲ್ಲಿ ನಾಜ್ನೀನ್ ಎಂಬ ಫಿಸಿಯೋಥೆರಪಿಸ್ಟ್ ಕನ್ನಡಿಯ ಮುಂದೆ ಕೂರಿಸಿ ಹುಬ್ಬು ಏರಿಸುವುದು, ತುಟಿ ಮುಂದೆ ಮಾಡುವುದು ಕಲಿಸಿದರು. "ಜೋರು ಮಾಡಬ್ಯಾಡ್ರಿ. ಮೆಲ್ಲಕ ಮಾಡ್ರಿ, ದಿನಾ ಮಾಡ್ರಿ. ನಾನೂ ನಿಮಗೋಸ್ಕರ ದುವಾ ಮಾಡ್ತೀನಿ" ಎನ್ನುತ್ತಿದ್ದರು. ಎರಡು ವಾರ ಕಳೆದರೂ ತುಟಿ ಅಲುಗಲಿಲ್ಲ. ಬೆರಳಿನಿಂದ ಕೆನ್ನೆ ಎತ್ತಿ ಹಿಡಿದರೆ ಉಸಿರು ಸೋರುತ್ತಿರಲಿಲ್ಲ, ಆದರೆ ಕೊಳಲು ಹಿಡಿಯಲು ಎರಡೂ ಕೈ ಬೇಕಲ್ಲ. ಕಣ್ಣಿಗೆ ಹಚ್ಚುವ ಪಟ್ಟಿಯನ್ನೇ ಬಾಯಿಯ ಅಂಚಿನಿಂದ ಕಿವಿಯವರೆಗೆ ಎಳೆದು ಅಂಟಿಸಿ ಊದಿದೆ. ಮಂದ್ರದ ಷಡ್ಜ ಬಂತು! ಬಿರುಕು ದನಿಯೇ, ಆದರೂ ಬಂತು. ಅಡುಗೆ ಮನೆಯಿಂದ ಅಮ್ಮ ಓಡಿ ಬಂದಳು. ಆವತ್ತಿನಿಂದ ದಿನವೂ ಅಷ್ಟಷ್ಟೇ ಊದಿ, ಕೆಳಗಿನ ಸ್ವರಗಳಲ್ಲೇ ಭೂಪ್ ರಾಗ ಕಟ್ಟಿಕೊಂಡೆ.

ಆಯ್ಕೆಯ ದಿನ ಬೆಳಿಗ್ಗೆ ಅಮ್ಮ, "ಅಷ್ಟು ಮಂದಿ ಮುಂದೆ ಈ ಪಟ್ಟಿ ಹಚ್ಕೊಂಡು ಹೆಂಗೆ ಕೂಡ್ತೀಯ? ಬ್ಯಾಡವೇ" ಎಂದಳು.

"ಕೂಡ್ತೀನಮ್ಮ. ದೇವರ ಮುಂದೆ ಮಾತು ಕೊಟ್ಟೀನಿ" ಎಂದೆ.

ಸಭಾಂಗಣ ತುಂಬಿತ್ತು. ನನ್ನನ್ನು ಕಂಡು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಹರಿಹರೇಶ್ವರನನ್ನು ನೆನೆದು ಮಂದ್ರದಲ್ಲೇ ಆಲಾಪ ಶುರು ಮಾಡಿದೆ. ತಬಲಾ ಸೇರಿತು. ಆಮೇಲೆ ನನಗೆ ಸಭೆಯೂ ನೆನಪಿರಲಿಲ್ಲ, ಮುಖವೂ ನೆನಪಿರಲಿಲ್ಲ. ಮನಸ್ಸು ಎಳೆದಂತೆ ಮೇಲಿನ ಷಡ್ಜಕ್ಕೆ ಹೋದೆ. ಮುಖ ಜೋತುಬಿದ್ದ ಮೇಲೆ ಮನೆಯಲ್ಲಿ ಒಂದು ದಿನವೂ ಹತ್ತದಿದ್ದ ಸ್ವರ ಅದು. ಸೋರದೆ, ನಡುಗದೆ ನಿಂತಿತು.

ಮುಗಿಸಿ ಕೈಮುಗಿದಾಗ ಮೇಡಂ ವೇದಿಕೆಗೇ ಬಂದರು. "ಸುಮಾ, ಪಟ್ಟಿ ಎಲ್ಲಿ?" ಎಂದರು. ಕೆನ್ನೆ ಮುಟ್ಟಿ ನೋಡಿಕೊಂಡೆ. ಬೆವರಿಗೆ ಕಿತ್ತುಬಂದ ಪಟ್ಟಿ ನನ್ನ ಮಡಿಲಲ್ಲಿ ಬಿದ್ದಿತ್ತು. "ಅದು ಆಲಾಪದಾಗೇ ಬಿತ್ತು ಕಣಮ್ಮ. ನಾನು ನೋಡ್ತಾನೇ ಇದ್ದೆ" ಎಂದರು ತಬಲಾ ನುಡಿಸಿದವರು. ತುಟಿ ಯಾವಾಗ ಕೂಡಿತೋ ತಿಳಿಯಲಿಲ್ಲ. ಯಾರು ಕೂಡಿಸಿದರು? ನನಗೆ ಗೊತ್ತಿತ್ತು.

ಸಂಜೆ ಶಾಸ್ತ್ರೀಯ ವಾದ್ಯಕ್ಕೆ ಆಯ್ಕೆಯಾದವರೆಂದು ನನ್ನ ಹೆಸರು ಓದಿದರು.

ನರ ತಾನಾಗಿ ಚೇತರಿಸಿಕೊಳ್ಳುತ್ತಿತ್ತು ಎಂದು ಡಾಕ್ಟರು ಹೇಳುತ್ತಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಅವರ ಕೈಗುಣವೂ ಹರಿಹರೇಶ್ವರನದೇ ಕೃಪೆ. ಆದರೆ ಆ ಗಳಿಗೆಯಲ್ಲಿ, ಆ ಸ್ವರದಲ್ಲಿ ನನ್ನನ್ನು ಹಿಡಿದವನು ಅವನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಮುಂದಿನ ಸೋಮವಾರ ಅಪ್ಪ ಅಮ್ಮನ ಜೊತೆ ಹರಿಹರಕ್ಕೆ ಹೋದೆ. ಅರ್ಚಕರು, "ಸ್ವಾಮಿಗೂ ಒಂದಿಷ್ಟು ಕೇಳ್ಸು" ಎಂದರು. ಮಂಟಪದ ಕಂಬದ ಹತ್ತಿರ ಕೂತು ನುಡಿಸಿದೆ. ನನ್ನ ಕೊಳಲನ್ನು ಒಂದು ದಿನವೂ ಕೂತು ಕೇಳದ ಅಪ್ಪ ಕೊನೆಯವರೆಗೂ ಕದಲಲಿಲ್ಲ. ತೀರ್ಥ ಕೊಟ್ಟಾಗ ಬಾಯಿಗೆ ಹಾಕಿಕೊಂಡೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ.