ಕೂತರೆ ಔಟ್

ನನ್ನ ಅಕ್ಕನ ಮಗಳು ಕಾಲೇಜಿನಲ್ಲಿ ಮೀಡಿಯಾ ಓದುತ್ತಾಳೆ. ಮನೆಯಲ್ಲಿ ಎಲ್ಲರಿಗಿಂತ ಉದ್ದ ಬೆಳೆದಿದ್ದರೂ ನಮಗೆಲ್ಲ ಅವಳು ಪುಟ್ಟಿ. ಬೇರೆ ಮಕ್ಕಳು ಪಾಠ ಕೇಳಿ ಬಂದರೆ ಇವಳು ಆಟ ಆಡಿ ಬರುತ್ತಿದ್ದಳು. ಒಂದು ವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೀದಿಯ ಸದ್ದು ರೆಕಾರ್ಡ್ ಮಾಡುವುದು, ಇನ್ನೊಂದು ವಾರ ಹಳೇ ಪೇಪರಿನ ತಲೆಬರಹ ಕತ್ತರಿಸಿ ಸುಳ್ಳು ಸುದ್ದಿ ಅಂಟಿಸುವುದು. ಅದಕ್ಕೆ ಅಂಕ ಬೇರೆ. ಆಟ ಮುಗಿದ ಮೇಲೆ ‘ನಾನೇನು ಕಲಿತೆ’ ಅಂತ ಎರಡು ಪುಟ ಬರೆಯಬೇಕು, ಆಡಿದ್ದಕ್ಕಿಂತ ಬರೆದದ್ದಕ್ಕೇ ಜಾಸ್ತಿ ಅಂಕವಂತೆ. ಹಾಗಾಗಿ ನಮ್ಮ ಪುಟ್ಟಿ ಬಹಳ ಬೇಗ ಬಹಳ ಕಲಿತಳು, ಕಾಗದದ ಮೇಲಂತೂ ಹೌದು.

ನಾನೂ ಅಕ್ಕನೂ ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇವೆ. ನಮ್ಮ ಕೆಲಸ ಏನು ಅಂತ ಕೇಳಿದರೆ ಒಂದೇ ಮಾತು, ನಿಲ್ಲುವುದು. ಗಿರಾಕಿ ಬಂದರೂ ನಿಲ್ಲಬೇಕು, ಬರದಿದ್ದರೂ ನಿಲ್ಲಬೇಕು. ಕೂತ ಕೆಲಸದವರನ್ನು ಕಂಡರೆ ಗಿರಾಕಿಗೆ ಅಂಗಡಿಯೇ ಸೋಮಾರಿ ಅನ್ನಿಸುತ್ತದೆ ಎನ್ನುವುದು ಮ್ಯಾನೇಜರನ ತತ್ವ. ಅಂಗಿಯಲ್ಲಾಗಲಿ ಮುಖದಲ್ಲಾಗಲಿ ಒಂದು ಸುಕ್ಕಿಲ್ಲದ ಅವನಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಇಡೀ ಅಂಗಡಿಯಲ್ಲಿ ನಮ್ಮಂಥವರಿಗೆ ಅಂತ ಇರುವುದು ಒಂದೇ ಕುರ್ಚಿ, ಬಿಲ್ಲಿಂಗ್ ಕೌಂಟರಿನದು. ಅಲ್ಲಿ ಕೂರುವ ಹೆಂಗಸು ಕೆಲಸ ಬಿಡುವವಳಿದ್ದಳು, ಆ ಜಾಗ ಅಕ್ಕನಿಗೆ ಬೇಕಿತ್ತು. ಆಸೆಪಟ್ಟು ಕೇಳಿದ್ದಲ್ಲ. ಅವಳ ಮೀನಖಂಡದ ನರಗಳು ಹಗ್ಗದ ಹಾಗೆ ಗಂಟುಗಂಟಾಗಿ ಎದ್ದಿದ್ದವು. ಇನ್ನೂ ಹೀಗೇ ನಿಂತರೆ ಹುಣ್ಣಾಗುತ್ತದೆ, ಆಮೇಲೆ ಅಳುತ್ತಾ ನನ್ನ ಹತ್ತಿರ ಬರಬೇಡ ಅಂತ ಡಾಕ್ಟರು ಬೈದು ಕಳಿಸಿದ್ದರು. ಕೆಲಸ ಬಿಟ್ಟರೆ ಪುಟ್ಟಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

ನಿಂತು ನಿಂತು ಸಾಕಾದವರು ಕೂರುವ ದಾರಿ ಹೇಗಾದರೂ ಹುಡುಕುತ್ತಾರೆ. ಟ್ರಯಲ್ ರೂಮಿನಲ್ಲಿ ಗಿರಾಕಿ ಬಿಟ್ಟುಹೋದ ಬಟ್ಟೆ ತರಲು ಹೋದಾಗ ಅಲ್ಲಿನ ಸ್ಟೂಲಿನ ಮೇಲೆ ಒಂದು ಗಳಿಗೆ ಕೂರುತ್ತಿದ್ದೆವು. ಕೈಯಿಂದ ಗುಂಡುಸೂಜಿ ಬೀಳಿಸಿ, ನೆಲದ ಮೇಲೆ ಕೂತು ಹುಡುಕಿಯೇ ಹುಡುಕುವುದು ಇನ್ನೊಂದು. ಗೋಡೌನಿಗೆ ಹೋಗಿ ಬಟ್ಟೆ ಮೂಟೆಯ ಮೇಲೆ ಕಾಲು ಚಾಚಿ, ಆಮೇಲೆ ಬಂದು “ಆ ಸೈಜ್ ಇಲ್ಲ ಮೇಡಂ” ಅಂದರೆ ಆಯಿತು. ಕೆಳಗಿನ ಕಪಾಟು ಜೋಡಿಸುವ ಸರದಿಗಂತೂ ನಮ್ಮಲ್ಲೇ ಜಗಳ.

ದುಡಿಯುವವರೊಬ್ಬರ ದಿನವನ್ನು ಆಟವಾಗಿ ಮಾಡಿ ತನ್ನಿ ಎಂದು ಪುಟ್ಟಿಯ ಮೇಷ್ಟ್ರು ಹೇಳಿದ್ದು ಇಂಥ ಹೊತ್ತಿನಲ್ಲಿ. ಭಾನುವಾರ ಮಧ್ಯಾಹ್ನ ಅವಳು ಅಕ್ಕನ ಕಾಲು ಒತ್ತುತ್ತಾ ಕೂತಳು. ಮಗಳು ಕಾಲು ಮುಟ್ಟಿದ್ದೇ ಅಕ್ಕನಿಗೆ ದೊಡ್ಡದಾಯಿತು. ಉಪಾಯಗಳನ್ನೆಲ್ಲ ಒಂದೊಂದಾಗಿ, ನಕ್ಕು ನಕ್ಕು ಹೇಳಿದಳು.

“ಇನ್ನೂ ಇದ್ಯಾ ಅಮ್ಮ?”

“ಇಷ್ಟೇ ಕಣೆ.”

ಇನ್ನೊಂದಿತ್ತು. ಪರದೆ ಮಾರುವ ಕಡೆ ಒಬ್ಬ ಬಸುರಿ ಹುಡುಗಿ ಇದ್ದಳು. ಸಾಲಾಗಿ ನೇತುಹಾಕಿದ ಪರದೆಗಳ ಹಿಂದೆ, ಗೋಡೆಗೆ ಒತ್ತಿ ಒಂದು ಬಟ್ಟೆಯ ಸುರುಳಿ ಅಡ್ಡ ಇಟ್ಟು, “ಸುಸ್ತಾದಾಗ ಇಲ್ಲಿ ಕೂತ್ಕೊ, ನಾನು ನೋಡ್ಕೋತೀನಿ” ಅಂತ ಜಾಗ ಮಾಡಿಕೊಟ್ಟವಳು ಅಕ್ಕನೇ. ಅದನ್ನೇಕೆ ಹೇಳಲಿಲ್ಲ ಅಂತ ಅಡುಗೆಮನೆಯಲ್ಲಿ ಕೇಳಿದ್ದಕ್ಕೆ, “ಅದು ಅವಳದು, ನನ್ನದಲ್ಲ” ಅಂದಳು. ಆವತ್ತು ನನಗೆ ಅಕ್ಕನ ಮೇಲೆ ಬಹಳ ಪ್ರೀತಿ ಬಂತು.

ಆಟಕ್ಕೆ ಪುಟ್ಟಿ ಇಟ್ಟ ಹೆಸರು ‘ಕೂತರೆ ಔಟ್’. ರಟ್ಟಿನ ಮೇಲೆ ಅಂಗಡಿಯ ನಕ್ಷೆ, ಒಬ್ಬರು ಮ್ಯಾನೇಜರ್, ಉಳಿದವರು ಸೇಲ್ಸ್‌ನವರು. ಒಂದೊಂದು ಉಪಾಯಕ್ಕೆ ಒಂದೊಂದು ಕಾರ್ಡು, ಚಂದದ ಚಿತ್ರದ ಸಮೇತ. ಮ್ಯಾನೇಜರ್ ಬರುವುದರೊಳಗೆ ಕೂತು ಏಳಬೇಕು, ಸಿಕ್ಕಿಬಿದ್ದರೆ ಔಟ್. ಮನೆಯಲ್ಲಿ ಮೂವರೂ ಆಡಿದೆವು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಮೇಲೆ ಪುಟ್ಟಿ ಬಾಂಬು ಹಾಕಿದಳು. ಪ್ರದರ್ಶನದ ದಿನ ಆ ಕೆಲಸದ ಕಡೆಯವರೊಬ್ಬರು ಬಂದು ಆಡಬೇಕಂತೆ, ಅವಳು ಇಸ್ತ್ರಿಯನ್ನು ಕರೆದಿದ್ದಳಂತೆ.

“ನಮ್ಮನ್ನ ಕರೀಬಾರ್ದಿತ್ತಾ?” ಅಂದೆ.

“ನಿಮಗೆ ಎಲ್ಲಾ ಗೊತ್ತಲ್ಲ ಚಿಕ್ಕಮ್ಮ. ಗೊತ್ತಿಲ್ದೋರು ಆಡಿದ್ರೇನೇ ಕಲಿಯೋದು. ಒಂದ್ಸಲ ಅಮ್ಮನ ಜಾಗದಲ್ಲಿ ನಿಂತು ಆಡಿದ್ರೆ ಅವರ ಮನಸ್ಸು ಕರಗತ್ತೆ ನೋಡ್ತಿರಿ.”

“ಯಾರ ಮಗಳು ಅಂತ ಹೇಳಿದ್ಯಾ?” ಅಕ್ಕನ ದನಿ ಇಳಿದಿತ್ತು.

“ಹೇಳ್ದೆ. ಅದಕ್ಕೇ ಒಪ್ಕೊಂಡ್ರು.”

ಈಗ ಬೇಡ ಅಂದರೆ ಇಸ್ತ್ರಿಗೆ ಇನ್ನೂ ಅನುಮಾನ ಬರುತ್ತದೆ ಎಂದು ಅಕ್ಕ ಅದನ್ನು ಅಲ್ಲಿಗೇ ಬಿಟ್ಟಳು. ಪ್ರದರ್ಶನಕ್ಕೆ ಅವಳು ಬರಲಿಲ್ಲ, ನಾನು ಹೋದೆ.

ಇಸ್ತ್ರಿ ಬಂದ. ಮೊದಲು ಸೇಲ್ಸ್‌ನವಳಾಗಿ ಆಡಿ ಸೋತು, ಮಗುವಿನ ಹಾಗೆ ನಕ್ಕ. ಹುಡುಗರು ಚಪ್ಪಾಳೆ ತಟ್ಟಿದರು. ಎರಡನೇ ಸಲ ತಾನೇ ಮ್ಯಾನೇಜರ್ ಆಗುತ್ತೇನೆಂದು ಕೂತು, ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದಿದ. “ಓಹೋ, ಗುಂಡುಸೂಜಿನಾ? ಅಬ್ಬಾ, ಗೋಡೌನಾ?” ಕೊನೆಗೆ ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. “ತುಂಬಾ ಕಲಿತೆ ಪುಟ್ಟಾ” ಎಂದು ಅವಳ ಬೆನ್ನು ತಟ್ಟಿದ. ಮೇಷ್ಟ್ರು ಉಬ್ಬಿಹೋಗಿ ಆಟದ ಶಕ್ತಿಯ ಬಗ್ಗೆ ಭಾಷಣ ಮಾಡಿದರು. ಪುಟ್ಟಿಯ ಮುಖ ಅರಳಿತ್ತು.

ಮರುದಿನ ಟ್ರಯಲ್ ರೂಮಿನ ಸ್ಟೂಲು ಮಾಯ. ಗುಂಡುಸೂಜಿಗಳೆಲ್ಲ ದಾರ ಕಟ್ಟಿಸಿಕೊಂಡು ಕೌಂಟರಿಗೆ ಬಂದಿಯಾದವು. ಗೋಡೌನಿಗೆ ಬೀಗ, ಬೀಗದ ಕೈ ಇಸ್ತ್ರಿಯ ಜೇಬಿನಲ್ಲಿ. ಕೆಳಗಿನ ಕಪಾಟನ್ನು ಖಾಲಿ ಮಾಡಿಸಿ ಹೂವಿನ ಕುಂಡ ಇಡಿಸಿದ. ಯಾರ ಮಗಳು ಆಟ ಮಾಡಿದ್ದು ಅಂತ ಅವನೇ ಹೊಗಳಿ ಹೇಳಿದ್ದರಿಂದ, ಗುಟ್ಟು ಬಿಟ್ಟವರು ಯಾರು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಅಕ್ಕ ಡಬ್ಬಿ ತೆಗೆದರೆ ಉಳಿದವರು ಡಬ್ಬಿ ಮುಚ್ಚಿ ಎದ್ದು ಹೋಗುತ್ತಿದ್ದರು. ಪರದೆಯ ಹುಡುಗಿ ಮಾತ್ರ ಅಕ್ಕನ ಪಕ್ಕದಲ್ಲೇ ಉಣ್ಣುತ್ತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಇಸ್ತ್ರಿ ಪುಟ್ಟಿಯಿಂದ ಆಟದ ಇನ್ನೊಂದು ಪ್ರತಿ ಮಾಡಿಸಿಕೊಂಡ. ಒಂದು ಬೆಳಗ್ಗೆ ಬಾಗಿಲು ತೆರೆಯುವ ಮೊದಲು ನಮ್ಮನ್ನೆಲ್ಲ ಸೇರಿಸಿ, ತರಬೇತಿ ಅಂತ ಆಡಿಸಿದ. ನಿಂತೇ ಆಡಿದೆವು. ಕೊನೆಯಲ್ಲಿ ಎಲ್ಲರ ಕೈಗೂ ಒಂದೊಂದು ಖಾಲಿ ಕಾರ್ಡು ಕೊಟ್ಟ.

“ಈ ಆಟದಲ್ಲಿ ಇಲ್ಲದ ಒಂದು ಉಪಾಯ ಬರೀರಿ. ನಿಜವಾದ್ದು. ಚೆನ್ನಾಗಿದ್ರೆ ಬಹುಮಾನ ಇದೆ, ಬಿಲ್ಲಿಂಗ್ ಕುರ್ಚಿ.”

ಯಾರೂ ಬರೆಯಲಿಲ್ಲ. ನಾನು ಖಾಲಿ ಕಾರ್ಡನ್ನೇ ವಾಪಸು ಕೊಟ್ಟೆ. ಪಕ್ಕದಲ್ಲಿ ಅಕ್ಕ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಆಮೇಲೆ ಪೆನ್ನು ಕೇಳಿದಳು.

ಇಸ್ತ್ರಿ ಕಾರ್ಡು ಓದಿ ಮಡಚಿ ಜೇಬಿಗೆ ಹಾಕಿದ. ನೇರ ಹೋಗಿ ಪರದೆಗಳನ್ನು ಸರಕ್ಕನೆ ಸರಿಸಿದ. ಬಟ್ಟೆಯ ಸುರುಳಿ ನಡುವೆ ತಗ್ಗಾಗಿ ಬಿದ್ದಿತ್ತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಅವನನ್ನು ನೋಡಲೇ ಇಲ್ಲ. “ಅಕ್ಕಾ?” ಅಂದಳು. ಅಕ್ಕ ನೆಲ ನೋಡುತ್ತಿದ್ದಳು. ಹೆರಿಗೆ ಆದ ಮೇಲೆ ನೋಡೋಣ ಅಂತ ಹೇಳಿ ಅವಳನ್ನು ಆವತ್ತೇ ಮನೆಗೆ ಕಳಿಸಿದರು. ಮಧ್ಯಾಹ್ನಕ್ಕೆ ಅಕ್ಕ ಕುರ್ಚಿಯಲ್ಲಿದ್ದಳು.

ಮನೆಗೆ ಬರುವ ದಾರಿಯಲ್ಲಿ ತಡೆಯಲಾಗಲಿಲ್ಲ. “ಹೇಗೆ ಮನಸ್ಸು ಬಂತು ನಿನಗೆ?” ಅಂದೆ.

“ನಿನ್ನ ಕಾಲು ಗಟ್ಟಿ ಇದೆ, ಕೇಳ್ತೀಯ” ಅಂದಳು.

ಅವಳನ್ನು ಅಲ್ಲೇ ಬಿಟ್ಟು ಮುಂದೆ ನಡೆದುಬಿಡಬೇಕು ಅನ್ನಿಸಿತು. ಅವಳು ಕುಂಟುತ್ತಿದ್ದಳು. ಬಿಡಲಿಲ್ಲ.

ಒಂದು ವಾರವಾದ ಮೇಲೆ ಪುಟ್ಟಿ ‘ನಾನೇನು ಕಲಿತೆ’ ಬರೆದು ಮುಗಿಸಿ ಸಂಜೆ ನಮ್ಮ ಮುಂದೆ ಓದಿದಳು. ಅಕ್ಕ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದಳು. “ಆಟದಲ್ಲಿ ಸೋಲುವವರು ಯಾರೂ ಇಲ್ಲ, ಎಲ್ಲರೂ ಕಲಿಯುತ್ತಾರೆ. ನಾನು ಮಾಡಿದ ಒಂದು ಪುಟ್ಟ ಆಟ ಒಬ್ಬ ಮ್ಯಾನೇಜರನ ಮನಸ್ಸು ಬದಲಿಸಿತು. ಇಂದು ನನ್ನ ತಾಯಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಾರೆ.” ಕೊನೆಯ ಸಾಲನ್ನು ಅಮ್ಮನ ಕಡೆ ನೋಡಿ ಎರಡು ಸಲ ಓದಿದಳು. ಅವಳು ಅದನ್ನು ನಿಜವಾಗಿಯೂ ನಂಬಿದ್ದಳು, ಅದೇ ನನ್ನ ಮೈ ಉರಿಸಿದ್ದು.

ಬಾಯಿಗೆ ಬೀಗ ಹಾಕಿಕೊಂಡಿದ್ದು ಸಾಕು ಅನ್ನಿಸಿ ಎಲ್ಲ ಹೇಳಿಬಿಟ್ಟೆ. ಖಾಲಿ ಕಾರ್ಡು, ಪರದೆ, ಸುರುಳಿ, ಬಸುರಿ ಹುಡುಗಿ, ಕಾರ್ಡಿನ ಮೇಲೆ ಯಾರ ಅಕ್ಷರ ಎಂಬುದೂ. ಅಕ್ಕ ತಡೆಯಲಿಲ್ಲ.

ಪುಟ್ಟಿ ಬಿಳಿಚಿಕೊಂಡಳು. ಅಮ್ಮನ ಕಾಲುಗಳನ್ನು ನೋಡಿದಳು. ಅಳುತ್ತಾಳೆ, ಆ ಎರಡು ಪುಟ ಹರಿದು ಹಾಕುತ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ ಪೆನ್ನು ಎತ್ತಿಕೊಂಡಳು.

“ಚಿಕ್ಕಮ್ಮ, ಇದು ಮೊದ್ಲೇ ಗೊತ್ತಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಈಗ ಬರ್ದಿರೋದು ತೀರಾ ಸಪ್ಪೆ. ಆ ಹುಡುಗಿ ಮನೆ ಎಲ್ಲಿ? ಹೋದ್ರೆ ಮಾತಾಡ್ತಾಳಾ?”

ಅಕ್ಕನೇ ಮಾತಾಡಿದಳು, ಗೋಡೆ ಕಡೆ ಮುಖ ಮಾಡಿಕೊಂಡು.

“ಮೊದ್ಲು ಕೂತ್ಕೊ ಅನ್ನು ಅವಳಿಗೆ. ಯಾರಾದ್ರೂ ಹೇಳೋವರೆಗೂ ಅವಳು ಕೂರಲ್ಲ.”

ಪುಟ್ಟಿ ಅದನ್ನೂ ಬರೆದುಕೊಂಡಳು.