ಕಟಿಂಗ್ ಶಾಪಿನವನ ಲೇಸರ್ ಶೋಕಿ

ಅವತ್ತು ಬೆಳಿಗ್ಗೆಯೂ ಗಂಡ ಕನ್ನಡಿಗೆ ಮೂಗು ತಗಲುವಷ್ಟು ಹತ್ತಿರ ನಿಂತು ಮೀಸೆ ತೀಡುತ್ತಿದ್ದ.

"ಏನ್ ಕಾಣತ್ತೆ ಅಂತ ನಿಂತಿದೀರಿ?" ಅಂದಳು ಹೆಂಡತಿ.

"ಚೆಂದ ಕಾಣ್ತಿದೀನಿ."

"ಮಬ್ಬಲ್ಲಿ ಎಲ್ರೂ ಚೆಂದಾನೇ."

ಕಟಿಂಗ್ ಶಾಪ್ ಇಟ್ಟವನಿಗೆ ಚಿಕ್ಕಂದಿನಿಂದ ಸೋಡಾಬುಡ್ಡಿ ಕನ್ನಡಕ. ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದವನೇ ಗಿರಾಕಿಗಳೆದುರು ಆ ಕನ್ನಡಕವನ್ನು ನೆಲಕ್ಕೆ ಹಾಕಿ ಚಪ್ಪಲಿ ಕಾಲಲ್ಲಿ ಹೊಸಕಿದ್ದ. "ಇದೇನಿದ್ರೂ ಇನ್ನು ಮುದುಕರಿಗೆ" ಅಂತ ಬೀದಿಯಿಡೀ ಕೊಚ್ಚಿಕೊಂಡ. ಕೆಲವು ವರ್ಷಕ್ಕೇ ಮತ್ತೆ ಎಲ್ಲ ಮಸುಕು. ಇನ್ನೊಂದು ಸಲ ಲೇಸರ್ ಹಾಕಿ ಅಂತ ಅದೇ ಡಾಕ್ಟರಮ್ಮನ ಹತ್ತಿರ ಓಡಿದ. "ಕಣ್ಣಿನ ಮೇಲಿನ ಪದರ ತೆಳ್ಳಗಿದೆ. ನಂಬರು ಒಂದು ಕಡೆ ನಿಲ್ಲಲಿ, ಆಮೇಲೆ ನೋಡೋಣ. ಅಲ್ಲೀವರೆಗೆ ಕನ್ನಡಕ ಹಾಕ್ಕೊಳ್ಳಿ" ಅಂದರು ಅವರು.

ಹೆಂಡತಿ ಕನ್ನಡಕ ಮಾಡಿಸಿ ತಂದಳು. ಹೊಸಕಿದವನು ಹಾಕಿಕೊಳ್ಳುವುದುಂಟೆ? ತಡವಿ ತಡವಿ ಗಡ್ಡ ಕೆರೆದ. ಒಬ್ಬನ ಕಿವಿ ಕುಯ್ದು, "ತಲೆ ಅಲ್ಲಾಡಿಸ್ಬೇಡಿ" ಅಂತ ಅವನನ್ನೇ ಗದರಿದ.

"ನಾನೆಲ್ಲಪ್ಪ ಅಲ್ಲಾಡ್ದೆ, ನೀನು ಕಿವೀನ ಕೂದ್ಲು ಅನ್ಕೊಂಡೆ" ಅಂದ ಗಿರಾಕಿ.

ಪಕ್ಕದ ಕುರ್ಚಿಯಲ್ಲಿ ಕಟಿಂಗ್ ಮಾಡುತ್ತಿದ್ದ ತಮ್ಮ ಮೆಲ್ಲಗೆ, "ಹಾಕ್ಕೋ ಅಣ್ಣ, ಯಾರೂ ನಗಲ್ಲ" ಅಂದ.

"ನಗಲ್ಲ ಅನ್ನೋನೇ ಮೊದ್ಲು ನಗೋದು."

ಇಂಥ ದೊಡ್ಡ ಮನುಷ್ಯ. ಅವತ್ತು ಸ್ಕೂಟರ್ ಹತ್ತುವಾಗ ಹೆಂಡತಿ ಕನ್ನಡಕವನ್ನು ಅವನ ಜೇಬಿಗೆ ತುರುಕಿದಳು.

"ಗಾಡಿ ಓಡಿಸುವಾಗಾದ್ರೂ ಹಾಕ್ಕೊಳ್ರೀ."

"ನಾಳೆ ತಪಾಸಣೆ ಇದೆ. ಲೇಸರ್‌ಗೆ ಹೂಂ ಅಂದ್ರೆ ಮುಗೀತು. ಇವತ್ತೊಂದಿನಕ್ಕೆ ಮರ್ಯಾದೆ ಕಳ್ಕೊಳ್ಲಾ?"

ಸಂಜೆ ಅಂಗಡಿ ಮುಚ್ಚಿ ಬರುವಾಗ, ಕೆಟ್ಟು ನಿಂತ ಲಾರಿಯ ಹಿಂಬದಿಗೆ ನೇರ ಹೋಗಿ ಗುದ್ದಿದ. ಅಷ್ಟು ದೊಡ್ಡ ಲಾರಿ. ಮರ್ಯಾದೆ ಉಳಿಯಿತು, ಅವನು ಉಳಿಯಲಿಲ್ಲ. ಕನ್ನಡಕ ಜೇಬಿನಲ್ಲೇ ಇತ್ತು.

ಮಾತಾಡಿಸಲು ಬಂದ ಓರಗಿತ್ತಿ, "ಹಣೇಲಿ ಬರೆದಿತ್ತಮ್ಮ" ಅಂತ ಕಣ್ಣೊರೆಸಿಕೊಂಡಳು.

"ಬರೆದಿದ್ರೂ ಅವರಿಗೆ ಓದಕ್ಕೆ ಆಗ್ತಿರ್ಲಿಲ್ಲ" ಅಂದಳು ಇವಳು. ಮನೆ ತುಂಬ ಜನರಿದ್ದರು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಾಪ್ ಈಗ ಮೈದುನನದು. ಟವಲು ಮಾತ್ರ ಇವಳ ಪಾಲು. ದಿನಾ ಬೆಳಿಗ್ಗೆ ಕಂಡವರ ಕೂದಲು ಕೊಡವಿ, ಬಿಸಿನೀರಿನಲ್ಲಿ ನೆನೆಸಿ, ಕಲ್ಲಿಗೆ ಬಡಿಯುತ್ತಾಳೆ. ಬಡಿಯುವಷ್ಟು ಹೊತ್ತೂ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಹಿಂಡಿ ತಂತಿಗೆ ಹಾಕುವಾಗ ಸುಮ್ಮನಾಗುತ್ತಾಳೆ.