ಅತ್ತಿಗೆ ತೆಗೆದ ಮನೆಯ ಅಳತೆ

ನಮ್ಮ ಅತ್ತಿಗೆಯ ಬಗ್ಗೆ ಒಳ್ಳೆಯ ಮಾತಾಡುವುದು ನನಗೆ ಅಷ್ಟು ಸುಲಭವಲ್ಲ. ನಾದಿನಿ ಎನ್ನಿಸಿಕೊಂಡ ಮೇಲೆ ಒಂದಿಷ್ಟು ಕೊಂಕು ತೆಗೆಯುವ ಹಕ್ಕಾದರೂ ಬೇಡವೇ? ಸಾರಿಗೆ ಉಪ್ಪು ಹೆಚ್ಚಾಯಿತು, ಫೋನು ಎತ್ತಲಿಲ್ಲ, ನನಗೆ ಹೊಲಿದ ರವಿಕೆಯ ತೋಳು ಬಿಗಿಯಾಯಿತು ಎಂದು ನಾನು ಅನ್ನುತ್ತಲೇ ಇರುತ್ತೇನೆ, ಅವರು ಕಿವಿ ಮೇಲೆ ಹಾಕಿಕೊಳ್ಳದೆ ನಗುತ್ತಲೇ ಇರುತ್ತಾರೆ. ಆದರೆ ಮನೆ ರಿಪೇರಿಯ ಮಾತು ಬಂದರೆ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೈ ಮುಗಿದುಬಿಡುತ್ತೇನೆ. ಗೋಡೆ ಒಡೆಸಿ, ಪೈಪು ಬದಲಿಸಿ, ನೆಲ ಕೀಳಿಸಿ, ಅಷ್ಟು ಜನ ಕೆಲಸದವರ ಜೊತೆ ಏಗಿಯೂ ತಲೆ ಕೆಡಿಸಿಕೊಳ್ಳದೆ ಉಳಿದ ಇನ್ನೊಬ್ಬ ಹೆಂಗಸನ್ನು ನಾನಂತೂ ನೋಡಿಲ್ಲ.

ನಮ್ಮಮ್ಮನಿಗೆ ಕಣ್ಣು ಕಾಣಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಅಣ್ಣನ ಮದುವೆಯಾದ ಮೇಲೆ ಸ್ವಲ್ಪ ಸ್ವಲ್ಪವೇ ಮಸುಕಾಗುತ್ತ ಬಂದು, ಕೊನೆಗೆ ಹಗಲೂ ರಾತ್ರಿಯೂ ಒಂದೇ ಆಯಿತು. ಆದರೆ ಮನೆಯೊಳಗೆ ಅವಳು ಓಡಾಡುವುದನ್ನು ಕಂಡವರು ಯಾರೂ ಇದನ್ನು ನಂಬುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ತನ್ನ ಕೋಣೆಯಿಂದ ಹೊರಟು, ನಡುಮನೆ ದಾಟಿ, ಅಡುಗೆಮನೆಗೆ ಸರಸರ ನಡೆದು, ತಾನೇ ಟೀ ಮಾಡಿಕೊಂಡು ಕಿಟಕಿಯ ಪಕ್ಕ ನಿಂತು ಕುಡಿಯಬೇಕು. ಆಗ ಯಾರಾದರೂ ಸಹಾಯಕ್ಕೆ ಹೋದರೆ ಕಥೆ ಮುಗಿಯಿತು. "ಯಾಕೆ, ನನ್ನ ಕೈ ಏನು ಸೇದಿ ಹೋಗಿದ್ಯಾ?" ಎಂದು ಗದರುತ್ತಾಳೆ. ಹೊರಗೆಲ್ಲ ಯಾರದೋ ಕೈಹಿಡಿದು ನಡೆದರೂ ಸರಿ, ಆ ಒಂದು ಲೋಟ ಟೀ ಮಾತ್ರ ಅವಳದೇ.

ಮನೆಗೂ ವಯಸ್ಸಾಗಿತ್ತು. ಗೋಡೆಯೊಳಗಿನ ಪೈಪು ಎಲ್ಲೋ ಒಡೆದು ಅಡುಗೆಮನೆಯ ಗೋಡೆ ನೆನೆದ ರಟ್ಟಿನಂತಾಯಿತು. ಪ್ಲಂಬರ್ ಬಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಅಡುಗೆಮನೆ, ಬಚ್ಚಲು, ನಡುಮನೆಯ ನೆಲ ಎಲ್ಲವನ್ನೂ ಒಡೆಯದೆ ಬೇರೆ ದಾರಿಯೇ ಇಲ್ಲ ಎಂದು ಮೇಸ್ತ್ರಿ ತೀರ್ಪು ಕೊಟ್ಟ.

"ಒಡೀರಿ," ಎಂದಳು ಅಮ್ಮ. "ಆಮೇಲೆ ನನ್ನನ್ನ ಒಂದು ಕುರ್ಚೀಲಿ ಕೂರಿಸಿ ಹೊತ್ತು ಹೊತ್ತಿಗೆ ತಿನ್ನಿಸಿ. ಕಣ್ಣು ಹೋಯ್ತು, ಇನ್ನು ಮನೆಯೂ ಹೋಗ್ಲಿ."

ನಾನು ಸುಮ್ಮನಿರುವ ಪೈಕಿಯಲ್ಲ. ಗೋಡೆ ಬಿದ್ದರೆ ಬೀಳಲಿ, ಒಂದು ಇಟ್ಟಿಗೆಯನ್ನೂ ಮುಟ್ಟಕೂಡದು ಎಂದು ಕೂಗಾಡಿದೆ. ಅಣ್ಣ ಎಂದಿನಂತೆ ಫ್ಯಾನು ನೋಡುತ್ತ ಕೂತ. ಅತ್ತಿಗೆ ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು.

"ಅತ್ತೆ, ಮನೆ ಹೊಸದಾಗತ್ತೆ. ಆದ್ರೆ ಹೊಸದು ಅಂತ ನಿಮ್ಮ ಕೈಗೆ ಗೊತ್ತೇ ಆಗಲ್ಲ. ಇದು ನನ್ನ ಮಾತು."

ಅಲ್ಲಾ, ಯಾವ ಧೈರ್ಯದ ಮೇಲೆ ಈ ಮಾತು ಕೊಟ್ಟರು ಎಂದು ನನಗೆ ಉರಿದುಹೋಯಿತು. ಸಿಮೆಂಟಿಗೆ ಮರಳು ಎಷ್ಟು ಎಂದು ಕೇಳಿದರೆ ಹೇಳಲು ಬಾರದ ಹೆಂಗಸು! ಅವರಿಗೆ ಗೊತ್ತಿದ್ದದ್ದು ಒಂದೇ, ಹೊಲಿಗೆ. ಮುಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಾರೆ.

ಅವರು ಮನೆಯ ಅಳತೆ ತೆಗೆದದ್ದೂ ಹೊಲಿಗೆಯವರ ಹಾಗೆಯೇ. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಅಮ್ಮ ಎದ್ದು ಓಡಾಡುವಾಗ ಹಿಂದೆ ಹಿಂದೆಯೇ ಸುತ್ತಿದರು. ಅಮ್ಮನ ಕೈ ಎಲ್ಲಿ ಫ್ಯಾನಿನ ಸ್ವಿಚ್ಚು ಹುಡುಕುತ್ತದೆ, ಮೊಣಕೈ ಎಲ್ಲಿ ಅಡುಗೆ ಕಟ್ಟೆಗೆ ತಾಗುತ್ತದೆ, ನಲ್ಲಿ ತಿರುಗಿಸುವಾಗ ಎಷ್ಟು ಬಗ್ಗುತ್ತಾಳೆ, ಎಲ್ಲದಕ್ಕೂ ಹಳೆಯ ಪೇಪರು ಕತ್ತರಿಸಿ ನಮೂನೆ ಮಾಡಿದರು. ಕಟ್ಟೆಯ ಅಂಚಿಗೆ ಒಂದು, ಬಾಗಿಲ ಚೌಕಟ್ಟಿಗೆ ಒಂದು, ಬಚ್ಚಲ ಹಿಡಿಕೆಗೆ ಒಂದು. ಕೊನೆಗೆ ಎಲ್ಲವನ್ನೂ ಪಿನ್ನು ಚುಚ್ಚಿ ಗೋಡೆಗೆ ನೇತುಹಾಕಿದರು.

ಮೇಸ್ತ್ರಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಕ್ಕಾ, ಮನೆಗೆ ಅಂಗಿ ಹೊಲೀತೀರಾ?"

"ಹೌದಣ್ಣ. ಬಟ್ಟೆ ನಂದು, ಕತ್ತರಿ ನಿಮ್ದು. ಅಳತೆ ಮೀರಿದ್ರೆ ಬಿಚ್ಚಿಸ್ತೀನಿ, ಈಗ್ಲೇ ಹೇಳ್ತಿದೀನಿ," ಎಂದರು ಅತ್ತಿಗೆ, ನಗುತ್ತಲೇ.

ಈ ಮೇಸ್ತ್ರಿಗೆ ನಾನಿಟ್ಟ ಹೆಸರು ನಾಳೆ ಮೇಸ್ತ್ರಿ. ಯಾವ ಕೆಲಸ ಕೇಳಿದರೂ ಅದು ನಾಳೆಯೇ. ಆದರೆ ಕೆಲಸದಲ್ಲಿ ಎತ್ತಿದ ಕೈ, ಅದಕ್ಕೆ ಎರಡು ಮಾತಿಲ್ಲ. ಕೂದಲು ನರೆತ ಮನುಷ್ಯ, ಅಂಗಿ ಜೇಬಿನಲ್ಲಿ ಸದಾ ಮಟ್ಟ ನೋಡುವ ಒಂದು ಪುಟ್ಟ ರಸಮಟ್ಟ. ಟೀ ಅಂಗಡಿಯ ಬೆಂಚಿನ ಮೇಲೂ ಅದನ್ನಿಟ್ಟು, ಗುಳ್ಳೆ ನಡುವಿಗೆ ಬಂದಿದೆಯೇ ನೋಡಿ, ವಾಲಿದ್ದರೆ ಲೊಚಗುಟ್ಟುವವನು. ಪ್ಲಂಬರ್‌ನ ಕಾಯಿಲೆ ಬೇರೆ. ಯಾವಾಗ ಫೋನು ಮಾಡಿದರೂ "ದಾರೀಲಿದೀನಿ" ಅನ್ನುತ್ತಿದ್ದ. ಒಂದು ದಿನ ಹಾಗೆ ಅನ್ನುವಾಗ ಅವನ ಹಿಂದೆ ಕುಕ್ಕರ್ ಕೂಗಿತು.

"ದಾರೀಲಿ ಕುಕ್ಕರ್ ಕೂಗ್ತಿದೆಯಲ್ಲಣ್ಣ," ಎಂದರು ಅತ್ತಿಗೆ. "ಪರವಾಗಿಲ್ಲ, ಊಟ ಮಾಡ್ಕೊಂಡೇ ಬನ್ನಿ."

ಪುಣ್ಯಾತ್ಮ ಊಟವನ್ನೂ ಮಾಡದೆ ಓಡಿಬಂದ. ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿದವನೇ, "ಯಾವ ತಲೆಕೆಟ್ಟೋನು ಮಾಡಿದ್ದು ಇದನ್ನ?" ಎಂದು ಹಣೆ ಚಚ್ಚಿಕೊಂಡ. "ನೀವೇ. ಹೋದ ಸಲ," ಎಂದರು ಅತ್ತಿಗೆ.

ಕೆಲಸದವರನ್ನು ಬೈಯುವುದು ಅತ್ತಿಗೆಯ ಜಾಯಮಾನದಲ್ಲೇ ಇಲ್ಲ. ಅವರ ಹತ್ತಿರ ಇದ್ದ ಆಯುಧ ಒಂದೇ, ಒಂದು ತುಂಡು ಕಪ್ಪು ಬಟ್ಟೆ. ಯಾರೇ ತಮ್ಮ ಕೆಲಸ ಮುಗಿಯಿತು ಎಂದರೂ ಅದನ್ನು ಅವರ ಕೈಗೆ ಕೊಟ್ಟು, "ಕಣ್ಣು ಕಟ್ಕೊಂಡು ಒಂದ್ಸಲ ಓಡಾಡಿ ತೋರಿಸಿ," ಅನ್ನುತ್ತಿದ್ದರು. ಬಡಗಿ ಬಚ್ಚಲ ಬಾಗಿಲನ್ನು ನಮೂನೆಯಂತೆ ಕೂರಿಸದೆ, ಜಾಗ ಉಳಿಯುತ್ತದೆಂದು ತನ್ನ ಬುದ್ಧಿ ಖರ್ಚು ಮಾಡಿ, ಹೊರಕ್ಕೆ ತೆರೆಯುವಂತೆ ಕೂರಿಸಿದ್ದ. ನಾನಾಗಿದ್ದರೆ ಅವನ ವಂಶಾವಳಿಯನ್ನೆಲ್ಲ ಎಳೆದು ತರುತ್ತಿದ್ದೆ. ಅತ್ತಿಗೆ ಬಟ್ಟೆ ಕೊಟ್ಟರು. ಆಸಾಮಿ ಹೋಗಿ, ಅರ್ಧ ತೆರೆದಿದ್ದ ತನ್ನ ಬಾಗಿಲಿಗೇ ಹಣೆ ಕೊಟ್ಟ. ಹಣೆ ಉಜ್ಜಿಕೊಳ್ಳುತ್ತ ತಾನೇ ಅದನ್ನು ಬಿಚ್ಚಿ ಸರಿಮಾಡಿದ. ಮೇಸ್ತ್ರಿ ಮಾತ್ರ ಆ ಬಟ್ಟೆಯನ್ನು ಮುಟ್ಟಲಿಲ್ಲ. "ಈ ಆಟ ಎಲ್ಲ ಅವರಿಗೆ ಇರ್ಲಿ ಅಕ್ಕಾ. ನನ್ನ ಕೆಲಸಕ್ಕೆ ರಸಮಟ್ಟವೇ ಸಾಕ್ಷಿ," ಎನ್ನುತ್ತಿದ್ದ.

ನಡುಮನೆಯ ನೆಲ ಕಿತ್ತಾಗ ಅಮ್ಮನನ್ನು ಎರಡು ಬೀದಿ ಆಚೆಯ ನಮ್ಮ ಮನೆಗೆ ಕರೆತಂದೆ. ಅವಳು ಕುರ್ಚಿ ಬಿಟ್ಟು ಏಳಲೇ ಇಲ್ಲ. ಎದ್ದರೂ ಎರಡು ಕೈಯನ್ನೂ ಮುಂದಕ್ಕೆ ಚಾಚಿ ಹೆಜ್ಜೆ ಇಡುತ್ತಿದ್ದಳು. ಅಮ್ಮ ಹಾಗೆ ಕೈ ಚಾಚಿ ನಡೆಯುವುದನ್ನು ನಾನು ನೋಡಿಯೇ ಇರಲಿಲ್ಲ. ಅತ್ತಿಗೆ ಕೊಟ್ಟ ಮಾತು ಉಳಿಯದಿದ್ದರೆ ಅಮ್ಮ ಇನ್ನು ಮುಂದೆ ಹೀಗೆಯೇ ಎಂದು ಆಗ ನನಗೆ ಮನದಟ್ಟಾಯಿತು.

ಕೆಲಸ ಮುಗಿದು ಅಮ್ಮ ಹಿಂತಿರುಗಿದ ದಿನ ಅತ್ತಿಗೆ ಅವಳನ್ನು ಕೈಹಿಡಿದು ಮನೆಯೆಲ್ಲ ಸುತ್ತಿಸಿದರು. ಕೈ ಎತ್ತಿದಲ್ಲಿ ಸ್ವಿಚ್ಚು ಸಿಕ್ಕಿತು, ಬಗ್ಗಿದಲ್ಲಿ ನಲ್ಲಿ ಸಿಕ್ಕಿತು. ಕಟ್ಟೆಯ ಅಂಚು ಸವರಿ ಅಮ್ಮ ತಲೆಯಾಡಿಸಿದಳು. ನಡುಮನೆಯ ಹೊಸ ನೆಲವಂತೂ ಕನ್ನಡಿ. ಮೇಸ್ತ್ರಿ ರಸಮಟ್ಟವನ್ನು ಮೂಲೆ ಮೂಲೆಗೂ ಇಟ್ಟು, "ಗುಳ್ಳೆ ಅಲ್ಲಾಡಲ್ಲ ನೋಡಿ!" ಎಂದು ಎದೆಯುಬ್ಬಿಸಿದ. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ಮಾರನೆಯ ಬೆಳಿಗ್ಗೆ ಅತ್ತಿಗೆ ಫೋನು ಮಾಡಿದರು. "ಬೇಗ ಬಾರೇ" ಎಂದಷ್ಟೇ ಹೇಳಿದರು. ಹೋಗಿ ನೋಡಿದರೆ ಮಿಷನ್ ಮುಂದೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾರೆ, ಕಣ್ಣು ಕೆಂಪಾಗಿದೆ.

"ಏನಾಯ್ತು ಅತ್ತಿಗೆ?"

"ಅತ್ತೆ ಟೀ ಕೇಳಿದ್ರು ಕಣೆ. 'ಸ್ವಲ್ಪ ಟೀ ತಂದ್ಕೊಡ್ತೀಯಾಮ್ಮಾ' ಅಂದ್ರು."

ನಾನು ಅಮ್ಮನ ಕೋಣೆಗೆ ಓಡಿದೆ. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಮೊದಲು ಕಾಲು ನೋವು ಎಂದು ಸಬೂಬು ಹೇಳಿದಳು. ನಾನು ಬಿಡಲಿಲ್ಲ.

"ನಡುಮನೆ ಮಧ್ಯಕ್ಕೆ ಹೋದ್ಮೇಲೆ ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ ಕಣೆ," ಎಂದಳು ಕೊನೆಗೆ. "ಯಾಕೋ ಏನೋ. ಎಲ್ಲಾ ಒಂದೇ ಥರ. ಇವತ್ತು ಹಿತ್ತಿಲ ಬಾಗಿಲಿಗೆ ಹೋಗಿಬಿಟ್ಟಿದ್ದೆ. ಪಾಪ, ಅವಳಿಗೆ ಹೇಳ್ಬೇಡ. ಅಷ್ಟು ಕಷ್ಟಪಟ್ಟಿದಾಳೆ."

ಹಿತ್ತಿಲ ಬಾಗಿಲು ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಇದೆ, ದಾಟಿದರೆ ಕಡಿದಾದ ಮೆಟ್ಟಿಲು. ಕೋಣೆಯ ಬಾಗಿಲ ಆಚೆ ನಿಂತಿದ್ದ ಅತ್ತಿಗೆಗೆ ಇದೆಲ್ಲ ಕೇಳಿಸಿತ್ತು. ಅವರು ಅಳುತ್ತ ಕೂರಲಿಲ್ಲ. ನಮೂನೆಗಳನ್ನೆಲ್ಲ ಮತ್ತೆ ತೆಗೆದು ಒಂದೊಂದನ್ನೂ ಇಟ್ಟು ನೋಡಿದರು. ಎಲ್ಲಾ ಸರಿಯಾಗಿತ್ತು. ಆಮೇಲೆ ಆ ಕಪ್ಪು ಬಟ್ಟೆಯನ್ನು ತಂದು ನನ್ನ ಕಣ್ಣಿಗೇ ಕಟ್ಟಿದರು.

"ನಾನು ಈ ಮನೆಗೆ ಆಮೇಲೆ ಬಂದೋಳು. ನೀನು ಇಲ್ಲೇ ಬೆಳೆದೋಳು. ಚಿಕ್ಕೋಳಿದ್ದಾಗ ಅಡುಗೆಮನೆಗೆ ಹೇಗೆ ಹೋಗ್ತಿದ್ದೆ, ಹಾಗೇ ಹೋಗು. ಯೋಚನೆ ಮಾಡ್ಬೇಡ."

ಹೊರಟೆ. ಏನೂ ಯೋಚಿಸಲಿಲ್ಲ.

"ನಿಲ್ಲು!" ಎಂದು ಅತ್ತಿಗೆ ಕೂಗಿದರು. "ಅಲ್ಯಾಕೆ ಹಾರಿದೆ?"

"ನಾನಾ? ಎಲ್ಲಿ ಹಾರಿದೆ?"

"ಈಗ ತಾನೇ. ಏನೋ ದಾಟೋ ಹಾಗೆ ಕಾಲು ಎತ್ತಿ ಹಾರಿದೆಯಲ್ಲ!"

ಬಟ್ಟೆ ಕಿತ್ತು ನೋಡಿದೆ. ಅಡುಗೆಮನೆಗೆ ತಿರುಗುವ ಜಾಗ. ಅಯ್ಯೋ ದೇವರೇ, ಆ ಕಲ್ಲು! ಹಳೆಯ ನೆಲದಲ್ಲಿ ಅಲ್ಲೊಂದು ಚಪ್ಪಡಿ ಸಡಿಲವಾಗಿತ್ತು, ಕಾಲಿಟ್ಟರೆ ಟಕ್ ಅನ್ನುತ್ತಿತ್ತು. ಮಧ್ಯಾಹ್ನ ಅಮ್ಮ ಮಲಗಿದ್ದಾಗ ಸಕ್ಕರೆ ಕದಿಯಲು ಹೋಗುತ್ತಿದ್ದ ನಾನೂ ಅಣ್ಣನೂ ಅದನ್ನು ತುಳಿಯಬಾರದೆಂದು ಹಾರಿಕೊಂಡೇ ಹೋಗುತ್ತಿದ್ದೆವು. ತುಳಿದರೆ ಒಳಗಿನಿಂದ "ಯಾರದು? ಡಬ್ಬಿ ಮುಟ್ಟಿದ್ರೆ ಕೈ ಮುರೀತೀನಿ!" ಎಂಬ ಗುಡುಗು ಬರುತ್ತಿತ್ತು. ಇಷ್ಟು ವರ್ಷವಾದರೂ ನನ್ನ ಕಾಲು ಅದನ್ನು ಮರೆತಿರಲಿಲ್ಲ.

ನಾನು ಇದನ್ನು ಹೇಳುವಷ್ಟರಲ್ಲಿ ಕೋಣೆಯಿಂದ ಅಮ್ಮನ ದನಿ. "ಹೌದಲ್ವೇ! ಅದು ಟಕ್ ಅಂದ ಕೂಡ್ಲೇ ಎಡಕ್ಕೆ ತಿರುಗ್ತಿದ್ದೆ. ನನಗೇ ಗೊತ್ತಿರ್ಲಿಲ್ಲ ನೋಡು!"

ಅತ್ತಿಗೆ ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಗೆ ಸುತ್ತಿಕೊಂಡರು. "ಕೈಗೆ ಸಿಗೋದನ್ನೆಲ್ಲ ಅಳೆದೆ. ಕಾಲನ್ನ ಮರೆತೆ," ಎಂದು ತಮಗೆ ತಾವೇ ಹೇಳಿಕೊಂಡು, ನೇರವಾಗಿ ಮೇಸ್ತ್ರಿಗೆ ಫೋನು ಮಾಡಿದರು.

ಆ ಚಪ್ಪಡಿ ಎಲ್ಲೂ ಹೋಗಿರಲಿಲ್ಲ. ಕೆಲಸದವರು ಅದನ್ನು ಹಿತ್ತಿಲಲ್ಲಿ ಎರಡು ಇಟ್ಟಿಗೆಯ ಮೇಲಿಟ್ಟು ಊಟಕ್ಕೆ ಕೂರುವ ಬೆಂಚು ಮಾಡಿಕೊಂಡಿದ್ದರು. ಅದನ್ನೇ ಹಳೆಯ ಜಾಗಕ್ಕೆ, ಅಲ್ಲಾಡುವ ಹಾಗೆಯೇ ಕೂರಿಸಿ ಎಂದಾಗ ಮೇಸ್ತ್ರಿಯ ಮುಖ ಕೆಂಪೇರಿತು.

"ಅಕ್ಕಾ, ಅಲ್ಲಾಡೋದನ್ನ ಸರಿಮಾಡೋಕೆ ಜನ ನನ್ನ ಕರೀತಾರೆ. ಸರಿ ಇರೋದನ್ನ ಅಲ್ಲಾಡ್ಸೋಕೆ ಇದುವರೆಗೂ ಯಾರೂ ಕರೆದಿಲ್ಲ. ಈ ಥರ ನೆಲ ಈ ಬೀದೀಲಿ ಇನ್ನೊಂದಿಲ್ಲ. ಇದರ ಮಧ್ಯ ಆ ಮುರುಕು ಕಲ್ಲು ಹಾಕಿದ್ರೆ, ನೋಡಿದೋರು ನನ್ನ ಮುಖಕ್ಕೆ ಉಗಿಯಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ನನ್ನನ್ನು ತಡೆದರು. "ನಿಮ್ಮ ಕೆಲಸದಲ್ಲಿ ತಪ್ಪಿಲ್ಲಣ್ಣ. ಅದು ಅಷ್ಟು ಸರಿಯಾಗಿರೋದೇ ಕಷ್ಟ ಆಗಿರೋದು," ಎಂದು ಬಟ್ಟೆಯನ್ನು ಮುಂದೆ ಹಿಡಿದರು. "ಅತ್ತೆ ಕೋಣೆಯಿಂದ ಅಡುಗೆಮನೆಗೆ. ಒಂದೇ ಸಲ."

ಮೇಸ್ತ್ರಿ ಬಟ್ಟೆಯನ್ನೊಮ್ಮೆ, ತನ್ನ ನೆಲವನ್ನೊಮ್ಮೆ ನೋಡಿದ. ಆಮೇಲೆ ಕಸಿದುಕೊಂಡು ಕಟ್ಟಿಕೊಂಡ. ಮೊದಲ ಹೆಜ್ಜೆಗಳೆಲ್ಲ ಠೀವಿಯಿಂದಲೇ ಬಿದ್ದವು. ನಡುವಿಗೆ ಬಂದಂತೆ ನಡಿಗೆ ನಿಧಾನವಾಯಿತು. ಆಮೇಲೆ ಅವನ ಕೈ ತಾನಾಗಿ ಮುಂದಕ್ಕೆ ಚಾಚಿತು, ನಮ್ಮ ಮನೆಯಲ್ಲಿ ಅಮ್ಮನ ಕೈ ಚಾಚಿದ ಹಾಗೆಯೇ. ಸವರುತ್ತ ಸವರುತ್ತ ಹಿತ್ತಿಲ ಬಾಗಿಲು ದಾಟಲು ಕಾಲೆತ್ತಿದಾಗ ಅತ್ತಿಗೆ ಓಡಿಹೋಗಿ ಅವನ ರಟ್ಟೆ ಹಿಡಿದರು.

ಬಟ್ಟೆ ತೆಗೆದು, ಕಾಲ ಮುಂದಿದ್ದ ಮೆಟ್ಟಿಲು ನೋಡಿ, ಅವನು ಬೆವರು ಒರೆಸಿಕೊಂಡ.

"ಒಂದು ಕಡೆ ಸಿಮೆಂಟ್ ಬೇಡ, ಬರೀ ಮರಳು ಹಾಕ್ತೀನಿ," ಎಂದ ಮೆಲ್ಲಗೆ. "ಆದ್ರೆ ಅಂಚು ಮೇಲೆ ಬರಬಾರದು, ಅಮ್ಮ ಎಡವ್ತಾರೆ."

"ನಾಳೆ ಬರ್ತೀರಾ?" ಎಂದೆ, ಚುಚ್ಚದೆ ಇರಲು ನನಗೆ ಆಗುವುದಿಲ್ಲ.

"ಈಗ್ಲೇ," ಎಂದ.

ತಾನು ಅಷ್ಟು ಚೆಂದ ಕೂರಿಸಿದ್ದನ್ನು ತಾನೇ ಒಡೆದ. ಹಳೆಯ ಚಪ್ಪಡಿಯನ್ನು ಉಜ್ಜಿ ತೊಳೆದು, ಸುತ್ತ ಹದವಾಗಿ ಕತ್ತರಿಸಿ ಕೂರಿಸಿದ. ಅಮ್ಮ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಅವನು ಕಲ್ಲಿನ ಮೇಲೆ ಕಾಲಿಟ್ಟು ಕೇಳುತ್ತಿದ್ದ, "ಹೀಗಾ ಅಮ್ಮಾ?" ಅವಳು, "ಉಹೂಂ, ಅಷ್ಟು ಮೆತ್ತಗಲ್ಲ," ಎನ್ನುತ್ತಿದ್ದಳು. ಮತ್ತೆ ಎತ್ತಿ ಮರಳು ತೆಗೆಯುತ್ತಿದ್ದ. ಎಷ್ಟು ಸಲ ಎತ್ತಿದನೋ, ಒಮ್ಮೆಯೂ ಗೊಣಗಲಿಲ್ಲ. ಕೊನೆಗೆ ಅಮ್ಮ, "ಹಾಂ! ಇದೇ," ಎಂದಳು. ಆ ದಿನ ಮೇಸ್ತ್ರಿ ರಸಮಟ್ಟವನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ನಾನು ಅಲ್ಲಿದ್ದೆ. ನಾನು, ಅತ್ತಿಗೆ, ಅಣ್ಣ ಮೂವರೂ ಹೊಲಿಗೆ ಕೋಣೆಯಲ್ಲಿ ಕಿವಿಗೊಟ್ಟು ಕೂತೆವು. ಅಮ್ಮನ ಬಾಗಿಲು ಕಿರುಗುಟ್ಟಿತು. ಹೆಜ್ಜೆಗಳು ಬಂದವು, ಮೊದಲು ಅಳುಕುತ್ತ, ಆಮೇಲೆ ಇನ್ನೂ ಅಳುಕುತ್ತ. ಅತ್ತಿಗೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋಯುತ್ತಿತ್ತು.

ಟಕ್.

ಹೆಜ್ಜೆ ಎಡಕ್ಕೆ ತಿರುಗಿತು. ಸರಸರ ಎಂದು ಅಡುಗೆಮನೆ ಸೇರಿತು. ನಲ್ಲಿ ಸುರಿಯಿತು, ಪಾತ್ರೆ ಸದ್ದಾಯಿತು, ಒಲೆ ಹೊತ್ತಿತು. ಅಣ್ಣ ಎದ್ದು ಹೊರಗೆ ಹೋಗಿ ಮೂಗು ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಮ್ಮನ ಗೊಣಗಾಟ ಶುರುವಾಯಿತು.

"ಇಷ್ಟು ದಿನ ಬೀದಿಗೆಲ್ಲ ಧೂಳೆಬ್ಬಿಸಿದ್ರಲ್ಲ, ಅದೇನು ಮಾಡಿದ್ರೋ ದೇವರಿಗೇ ಗೊತ್ತು. ಎಲ್ಲಾ ಮೊದಲಿದ್ದ ಹಾಗೇ ಇದೆ!"

ನನಗೆ ರೇಗಿತು. ಅಷ್ಟೆಲ್ಲ ಒದ್ದಾಡಿದವರಿಗೆ ಇದೇನಾ ಹೇಳುವ ಮಾತು ಎಂದು ಎದ್ದೆ. ಆದರೆ ಪಕ್ಕಕ್ಕೆ ತಿರುಗಿದರೆ ಅತ್ತಿಗೆ ಮಿಷನ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ, ಅಳುವಿನ ನಡುವೆ ನಗುತ್ತಿದ್ದಾರೆ. ಅವರು ಕಾದಿದ್ದದ್ದು ಆ ಮಾತಿಗೇ. ನಾನು ಮತ್ತೆ ಕೂತು ಅವರ ಬೆನ್ನು ಸವರಿದೆ.

"ಯಾರೇ ಅದು ಅಳ್ತಿರೋದು?" ಎಂದಳು ಅಮ್ಮ ಅಡುಗೆಮನೆಯಿಂದ. "ಬಾರಮ್ಮ ಇಲ್ಲಿ. ನಿನಗೂ ಒಂದು ಲೋಟ ಇಟ್ಟಿದೀನಿ."